ಪಡುವಣ ಗಾಜು ಮತ್ತು ಪಾರ್ಸನ್ಸ್: ಈಗಲ್ಸ್ ಅಭಿಮಾನಿಯ ಕಣ್ಣಲ್ಲಿ 2025ರ ಕೌಬಾಯ್ಸ್

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ನಾನು ಫಿಲಡೆಲ್ಫಿಯಾ ಈಗಲ್ಸ್ ಕಡೆಯವನು. ಡಲ್ಲಾಸ್ ಕೌಬಾಯ್ಸ್ ತಂಡದ ಬಗ್ಗೆ ನಾನಾಡುವ ಮಾತನ್ನು ಸ್ವಲ್ಪ ಸೋಸಿಕೊಂಡೇ ಕೇಳಿ. ಸೆಪ್ಟೆಂಬರ್ 4ರ ಗುರುವಾರ ರಾತ್ರಿ, 2025ರ ಎನ್‌ಎಫ್‌ಎಲ್ ಋತುವಿನ ಮೊಟ್ಟಮೊದಲ ಪಂದ್ಯಕ್ಕೆ, ಅವರು ನಮ್ಮ ಊರಿಗೇ ಬರುತ್ತಿದ್ದಾರೆ; ನಾನು ಇದನ್ನು ಹೇಳುತ್ತಿರುವುದು ಆ ಪಂದ್ಯದ ಮುಂಚಿನ ದಿನಗಳಲ್ಲಿ.

ಆದರೆ ನನಗೆ ನೆನಪಾಗುವುದು ಕಳೆದ ವರ್ಷ, 2024ರ ನವೆಂಬರ್ 10ರ ಮಧ್ಯಾಹ್ನ, ಆರ್ಲಿಂಗ್ಟನ್‌ನಲ್ಲಿರುವ ಅವರದೇ ಕ್ರೀಡಾಂಗಣ. ಅಂಕ ಗಳಿಸುವ ತುದಿಯಾದ ಎಂಡ್ ಝೋನ್‌ನಲ್ಲಿ ನಿಂತಿದ್ದ, ಎಸೆದ ಚೆಂಡು ಹಿಡಿಯುವ ಅವರ ಆಟಗಾರ ಸೀಡಿ ಲ್ಯಾಮ್ ಕಡೆಗೆ ಚೆಂಡು ಬಂತು, ಆದರೆ ಕಣ್ಣಿಗೆ ಬಿಸಿಲು ಹೊಡೆದದ್ದರಿಂದ ಅವರಿಗೆ ಅದು ಕಾಣಲೇ ಇಲ್ಲ. ಅಂಗಣವನ್ನು ಪೂರ್ವ-ಪಶ್ಚಿಮವಾಗಿ ಕಟ್ಟಿ, ಪಡುವಣ ತುದಿಗೆ ಭಾರೀ ಗಾಜು ಹಾಕಿರುವುದರಿಂದ ಇಳಿಹೊತ್ತಿನ ಬಿಸಿಲು ನೇರವಾಗಿ ಆಟಗಾರರ ಮುಖಕ್ಕೆ ಬೀಳುತ್ತದೆ. ಸಂಗೀತ ಕಛೇರಿಗಳಿಗೆ ಆ ಗಾಜಿಗೆ ಪರದೆ ಎಳೆಯುತ್ತಾರೆ, ಪಂದ್ಯಕ್ಕೆ ಮಾತ್ರ ಇಲ್ಲ. ಪರದೆ ಬೇಕು ಎಂದು ಸ್ವತಃ ಲ್ಯಾಮ್ ಕೇಳಿದರು. ಮಾಲೀಕ ಜೆರ್ರಿ ಜೋನ್ಸ್ ಮಾತ್ರ, ಹಾಗಾದರೆ ಕ್ರೀಡಾಂಗಣವನ್ನೇ ಕೆಡವಿಬಿಡೋಣವೇ ಎಂದು ರೇಗಿದರು, ಸೂರ್ಯ ಎಲ್ಲಿರುತ್ತಾನೆಂದು ಲೋಕಕ್ಕೇ ಗೊತ್ತು ಎಂದರು. ಆ ದಿನ ನಾವು 34–6ರಿಂದ ಗೆದ್ದೆವು.

ಈ ತಂಡದ ರೋಗ ಮಾಲೀಕರ ಆ ಹಠದಲ್ಲೇ ಇದೆ ಎಂಬುದು ನನ್ನ ವಾದ. 1989ರಲ್ಲಿ ತಂಡವನ್ನು ಕೊಂಡ ಜೋನ್ಸ್ ಅಂದಿನಿಂದ ಮಾಲೀಕರೂ ಅವರೇ, ಜನರಲ್ ಮ್ಯಾನೇಜರೂ ಅವರೇ. ಆಟಗಾರರ ಒಪ್ಪಂದಗಳನ್ನು ಕೊನೆಯ ಗಳಿಗೆವರೆಗೆ ಎಳೆದು, ಅಷ್ಟರಲ್ಲಿ ಏರಿದ ಬೆಲೆಯನ್ನು ತೆರುವುದು ಅವರ ಪದ್ಧತಿ. ಕಳೆದ ವರ್ಷ ಲ್ಯಾಮ್ ಸಹಿ ಹಾಕುವಷ್ಟರಲ್ಲಿ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಅವರಂತೂ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದು ಮೊದಲ ಪಂದ್ಯದ ದಿನ.

ಈ ಬಾರಿ ಆ ಎಳೆದಾಟದಲ್ಲಿ ಹಗ್ಗವೇ ಹರಿಯಿತು. ನಾಲ್ಕು ಋತುಗಳಲ್ಲಿ 52.5 ಸ್ಯಾಕ್ (ಚೆಂಡೆಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಗಳಿಸಿದ, ಒಂದು ಋತುವಿನಲ್ಲೂ ಹನ್ನೆರಡಕ್ಕಿಂತ ಕಡಿಮೆಗೆ ಇಳಿಯದ ಮೈಕಾ ಪಾರ್ಸನ್ಸ್ ಅವರನ್ನು ಆಗಸ್ಟ್ 28ರಂದು ಗ್ರೀನ್ ಬೇ ಪ್ಯಾಕರ್ಸ್‌ಗೆ ಬಿಟ್ಟುಕೊಟ್ಟರು. ಆಟಗಾರನೊಂದಿಗೆ ತಾವೇ ಕುಳಿತು ಮಾತು ಮುಗಿಸಿದ್ದೆ ಎಂಬುದು ಜೋನ್ಸ್ ಹೇಳಿಕೆ. ಏಜೆಂಟ್ ಇಲ್ಲದೆ ಆಡಿದ ಮಾತು ಒಪ್ಪಂದವಲ್ಲ ಎಂಬುದು ಎದುರು ಕಡೆಯವರ ನಿಲುವು. ಬದಲಿಗೆ ಸಿಕ್ಕಿದ್ದು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎರಡು ಮೊದಲ ಸುತ್ತಿನ ಆಯ್ಕೆಗಳು ಮತ್ತು ರಕ್ಷಣಾ ಸಾಲಿನ ನಡುವೆ ಆಡುವ ಡಿಫೆನ್ಸಿವ್ ಟ್ಯಾಕಲ್ ಕೆನ್ನಿ ಕ್ಲಾರ್ಕ್. ಪ್ಯಾಕರ್ಸ್ ಪಾರ್ಸನ್ಸ್‌ಗೆ ಕೊಟ್ಟಿದ್ದು ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್. ನಮ್ಮ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ವರ್ಷಕ್ಕೆರಡು ಬಾರಿ ಬೆನ್ನ ಹಿಂದೆ ನೋಡಿಕೊಂಡು ಆಡಬೇಕಾಗಿದ್ದ ಭಯವನ್ನು ಆ ತಂಡದವರೇ ನಿವಾರಿಸಿಕೊಟ್ಟಿದ್ದಾರೆ, ಧನ್ಯವಾದ.

ನ್ಯಾಯವಾಗಿ ಹೇಳಬೇಕೆಂದರೆ ಕ್ಲಾರ್ಕ್ ಒಳ್ಳೆಯ ಆಟಗಾರ, ಎದುರಾಳಿಯ ಓಟ ತಡೆಯಲು ಕಳೆದ ವರ್ಷ ಪರದಾಡಿದ ಡಲ್ಲಾಸ್‌ಗೆ ಬೇಕಾದವರೇ. ದಾಳಿಯೂ ಹಗುರವಾದುದಲ್ಲ. ತೊಡೆಯ ಸ್ನಾಯುವಿನ ಗಾಯದಿಂದ ಕಳೆದ ವರ್ಷ ಎಂಟೇ ಪಂದ್ಯ ಆಡಿದ ಪ್ರೆಸ್ಕಾಟ್ ಮರಳಿದ್ದಾರೆ, ಚೆಂಡು ಹಿಡಿಯಲು ಲ್ಯಾಮ್ ಜೊತೆಗೆ ಪಿಟ್ಸ್‌ಬರ್ಗ್‌ನಿಂದ ಜಾರ್ಜ್ ಪಿಕೆನ್ಸ್ ಬಂದಿದ್ದಾರೆ. ಕಿಕ್ಕರ್ ಬ್ರ್ಯಾಂಡನ್ ಆಬ್ರಿ ಕಳೆದ ವರ್ಷ 65 ಗಜದಿಂದ ಚೆಂಡನ್ನು ಒದ್ದು ಗೋಲ್ ಕಂಬಗಳ ನಡುವೆ ಹಾಯಿಸಿ ಫೀಲ್ಡ್ ಗೋಲ್ ಗಳಿಸಿದವರು. ಅದಕ್ಕೂ ಮೊದಲು ಅವರು ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರು ಎಂಬುದನ್ನು ಬೆಂಗಳೂರಿನಲ್ಲಿ ಕೇಳುತ್ತಿರುವವರು ಗಮನಿಸಬೇಕು. ಹೊಸ ಮುಖ್ಯ ಕೋಚ್ ಬ್ರಯಾನ್ ಶಾಟನ್‌ಹೈಮರ್ ಇದಕ್ಕೆ ಮೊದಲು ಎಲ್ಲಿಯೂ ಮುಖ್ಯ ಕೋಚ್ ಆಗಿದ್ದವರಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಇವರು ಧಾರಾಳವಾಗಿ ಅಂಕ ಗಳಿಸುತ್ತಾರೆ, ಅದಕ್ಕಿಂತ ಧಾರಾಳವಾಗಿ ಬಿಟ್ಟುಕೊಡುತ್ತಾರೆ. ಕಳೆದ ವರ್ಷ ಏಳು ಗೆದ್ದು ಹತ್ತು ಸೋತವರು ಈ ವರ್ಷ ಎಂಟು ಗೆದ್ದರೆ ಹೆಚ್ಚು. 1995ರ ಋತುವಿನ ಸೂಪರ್ ಬೌಲ್ (ಲೀಗ್‌ನ ಅಂತಿಮ ಪಂದ್ಯ) ಗೆಲುವಿನ ನಂತರ, ಅದಕ್ಕೆ ಮುಂಚಿನ ಹಂತವಾದ ಎನ್‌ಎಫ್‌ಸಿ ಫೈನಲ್‌ನ ಮೆಟ್ಟಿಲನ್ನೇ ಹತ್ತದ ತಂಡಕ್ಕೆ ಈ ವರ್ಷವೂ ಅದು ದೂರದ ಮಾತು.

ನನಗಿರುವ ಆತಂಕ ಒಂದೇ. ನವೆಂಬರ್ 23ರಂದು ನಾವು ಆರ್ಲಿಂಗ್ಟನ್‌ಗೆ ಹೋಗಬೇಕು. ಅದೇ ತಿಂಗಳು, ಅದೇ ಇಳಿಹೊತ್ತು, ಅದೇ ಗಾಜು. ಕಳೆದ ಸಲ ಲ್ಯಾಮ್ ನಿಂತ ಜಾಗದಲ್ಲಿ ಈ ಸಲ ಚೆಂಡು ಹಿಡಿಯುವ ನಮ್ಮ ಎ.ಜೆ. ಬ್ರೌನ್ ನಿಂತಿದ್ದರೆ? ಜೋನ್ಸ್ ಅವರೇ, ಆ ಒಂದು ಮಧ್ಯಾಹ್ನದ ಮಟ್ಟಿಗಾದರೂ ಪರದೆ ಎಳೆಸಿ.