ತಪ್ಪು, ದೋಷ, ವೈಫಲ್ಯ

ಕೇಳುಗರಿಗೆ ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದಿ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಹೊರಟಿರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಏನು ಕೆಟ್ಟರೂ ನೀವು ‘ಬಗ್’ ಎಂದು ಹೇಳಿ ಮುಗಿಸುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮನುಷ್ಯ ಮಾಡುವುದು ತಪ್ಪು, ಅಂದರೆ ಎರರ್. ಆ ತಪ್ಪಿನಿಂದ ಪ್ರೋಗ್ರಾಮಿನೊಳಗೆ ಸೇರಿಕೊಳ್ಳುವುದು ದೋಷ, ಅಂದರೆ ಡಿಫೆಕ್ಟ್. ಬಗ್ ಎನ್ನುವುದು ಇದನ್ನೇ. ದೋಷವಿರುವ ಸಾಲು ಓಡಿದಾಗ ಹೊರಗೆ ಕಾಣುವುದು ವೈಫಲ್ಯ, ಅಂದರೆ ಫೇಲ್ಯೂರ್.

ಗಂಗಾವತಿಯ ಒಂದು ದಲ್ಲಾಳಿ ಅಂಗಡಿಗೆ ನಾವು ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಅಲ್ಲಿ ಮೆಕ್ಕೆಜೋಳದ ದರ ಕ್ವಿಂಟಲಿಗೆ, ಭತ್ತದ ದರ 75 ಕಿಲೋ ಚೀಲಕ್ಕೆ. ಪರವೂರಿನಿಂದ ಬಂದಿದ್ದ ನಮ್ಮ ಹುಡುಗ ಎಲ್ಲ ದರವೂ ಕ್ವಿಂಟಲಿಗೇ ಎಂದು ತಿಳಿದ, ಅದು ತಪ್ಪು. ಹಾಗೆಯೇ ಲೆಕ್ಕದ ಸಾಲನ್ನು ಬರೆದ, ಅದು ದೋಷ. ಎರಡು ತಿಂಗಳು ಮೆಕ್ಕೆಜೋಳದ ಬಿಲ್ಲುಗಳೆಲ್ಲ ಸರಿಯಾಗಿಯೇ ಬಂದವು. ದೋಷವಿತ್ತು, ವೈಫಲ್ಯವಿರಲಿಲ್ಲ, ಇದನ್ನು ಗಮನಿಸಿ. ಭತ್ತದ ಸುಗ್ಗಿ ಬಂತು. ನಲವತ್ತು ಚೀಲ ತಂದ ರೈತರೊಬ್ಬರು, ಚೀಲಕ್ಕೆ 1,500ರಂತೆ 60,000 ರೂಪಾಯಿ ಎಂದು ತೂಕದ ಚೀಟಿಯ ಹಿಂದೆ ಪೆನ್ನಿನಲ್ಲಿ ಲೆಕ್ಕ ಹಾಕಿಕೊಂಡಿದ್ದರು. ಬಿಲ್ಲಿನಲ್ಲಿ 45,000 ಬಂತು. “ಸಾವಕಾರ್ರ, ಹದಿನೈದು ಸಾವಿರ ಎಲ್ಲಿ ಹೋತ್ರೀ?” ಎಂದು ಅವರು ಕೇಳಿದ್ದೇ ವೈಫಲ್ಯದ ಮೊದಲ ವರದಿ. ನಮ್ಮ ಕಚೇರಿಗೆ ಬಂದ ಫೋನಿನಲ್ಲಿ ಮಾತ್ರ ಇದ್ದದ್ದು ‘ಪ್ರಿಂಟಿನಲ್ಲಿ ಬಗ್ ಇದೆ’ ಎಂಬ ಒಂದೇ ಮಾತು. ನಾವು ಪ್ರಿಂಟರನ್ನೇ ಬದಲಿಸಿ ಅರ್ಧ ದಿನ ಕಳೆದೆವು. ‘ತೂಕ 30 ಕ್ವಿಂಟಲ್, 40 ಚೀಲ, ದರ 1,500, ಬರಬೇಕಾದದ್ದು 60,000, ಬಂದದ್ದು 45,000’ ಎಂದು ಯಾರಾದರೂ ಬರೆದುಕೊಟ್ಟಿದ್ದರೆ ದೋಷ ಆಗಲೇ ಸಿಗುತ್ತಿತ್ತು. ಪರೀಕ್ಷಕ ಕಾಣುವುದು ವೈಫಲ್ಯವನ್ನು, ಬರೆಯಬೇಕಾದದ್ದೂ ಅದನ್ನೇ. ದೋಷವನ್ನು ಒಂದು ಸಾಲು ತಿದ್ದಿ ತೆಗೆದೆವು. ತಪ್ಪನ್ನು ಹಾಗೆ ತಿದ್ದಲಾಗದು. ಅದಕ್ಕಾಗಿ ಅಂದಿನಿಂದ ಸಾಲು ಬರೆಯುವ ಮೊದಲೇ ಮಾರುಕಟ್ಟೆಗೆ ಹೋಗಿ ಕೇಳಿಕೊಂಡು ಬರುತ್ತೇವೆ.

1996ರ ಜೂನ್ 4ರಂದು ಯುರೋಪಿನ ಆರಿಯಾನ್ 5 ರಾಕೆಟ್ ಮೇಲೇರಿದ ಸುಮಾರು 40 ಸೆಕೆಂಡಿನಲ್ಲಿ ಸಿಡಿಯಿತು. ಆರಿಯಾನ್ 4ರಲ್ಲಿ ತೊಂದರೆ ಕೊಡದಿದ್ದ ಪ್ರೋಗ್ರಾಮಿನ ಭಾಗವೇ, ಹೊಸ ರಾಕೆಟ್ಟಿನ ಹೆಚ್ಚಿನ ವೇಗದ ಅಂಕಿಯನ್ನು ತನ್ನ ಪುಟ್ಟ ಜಾಗದಲ್ಲಿ ಹಿಡಿಸಲಾರದೆ ಕೈಕೊಟ್ಟಿತ್ತು. ಅಲ್ಲಿಯೂ ದೋಷ ಮೊದಲೇ ಇತ್ತು, ವೈಫಲ್ಯ ಆಮೇಲೆ ಬಂತು.

ಇನ್ನು ತೀವ್ರತೆ ಮತ್ತು ಆದ್ಯತೆ, ಇವೂ ಒಂದೇ ಅಲ್ಲ. ವೈಫಲ್ಯದಿಂದ ಎಷ್ಟು ಕೆಡುತ್ತದೆ ಎಂಬುದು ತೀವ್ರತೆ, ಅಂದರೆ ಸಿವಿಯಾರಿಟಿ. ಎಷ್ಟು ಬೇಗ ಸರಿಪಡಿಸಬೇಕು ಎಂಬುದು ಆದ್ಯತೆ, ಅಂದರೆ ಪ್ರಯಾರಿಟಿ. ಬಿಲ್ಲಿನ ಮೇಲೆ ಅಂಗಡಿಯ ಹೆಸರು ತಪ್ಪಾಗಿ ಅಚ್ಚಾದರೆ ಲೆಕ್ಕ ಕೆಡುವುದಿಲ್ಲ, ಆದ್ದರಿಂದ ತೀವ್ರತೆ ಕಡಿಮೆ; ಬೆಳಿಗ್ಗೆ ಅಂಗಡಿ ತೆರೆಯುವುದರೊಳಗೆ ಸರಿಯಾಗಬೇಕು, ಆದ್ದರಿಂದ ಆದ್ಯತೆ ಹೆಚ್ಚು. ನಮಸ್ಕಾರ.