ನಾಯಕರ ಧರ್ಮಸಮಭಾವವನ್ನು ಅಳೆಯುವುದು ಹೇಗೆ?

[ದೃಶ್ಯ: ಬೀದರ್ ಬಳಿಯ ಅಷ್ಟೂರಿನ ಬಹಮನಿ ಗುಮ್ಮಟಗಳು]

ನಮಸ್ಕಾರ. 1422ರಿಂದ 1436ರವರೆಗೆ ಆಳಿ, ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ್ ಅಹ್ಮದ್ ಶಾಹನ ಸಮಾಧಿ ಇಲ್ಲಿದೆ. ಮುಸ್ಲಿಮರು ಆತನನ್ನು ವಲಿ, ಅಂದರೆ ಸಂತ ಎಂದು ಗೌರವಿಸಿದರೆ, ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುತ್ತಾರೆ. ಹೋಳಿ ಕಳೆದ ಮೇಲೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಯಾವ ಸರ್ಕಾರಿ ಆದೇಶವೂ ಈ ರೂಢಿಯನ್ನು ಹುಟ್ಟಿಸಿಲ್ಲ.

ಜನರೇ ಇಷ್ಟನ್ನು ಕಟ್ಟಿಕೊಂಡಿರುವಾಗ ರಾಜಕೀಯ ನಾಯಕರ ಪಾಲಿಗೆ ಉಳಿಯುವ ಕೆಲಸ ಯಾವುದು? ಅವರು ಬಂದೇನವಾಜ್ ದರ್ಗಾದಲ್ಲಿ ಚಾದರ ಹೊದಿಸುವುದನ್ನೂ, ಶರಣಬಸವೇಶ್ವರರ ಗುಡಿಯಲ್ಲಿ ಕೈಮುಗಿಯುವುದನ್ನೂ, ಬೀದರಿನ ಗುರುದ್ವಾರವಾದ ನಾನಕ್ ಝೀರಾದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳುವುದನ್ನೂ ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಅಂಥ ಭೇಟಿಯಿಂದ ಸಣ್ಣ ಸಮುದಾಯಕ್ಕೂ ತಾನು ಈ ಊರಿನವನೇ ಎಂಬ ಧೈರ್ಯ ಬರುತ್ತದೆ. ಆದರೆ ನಾಯಕರನ್ನು ಅಳೆಯಬೇಕಾದದ್ದು ತಮ್ಮ ಕೈಯಲ್ಲಿರುವ ಅಧಿಕಾರವನ್ನು ಅವರು ಯಾರ ಪರವಾಗಿ ಬಳಸಿದರು ಎಂಬುದರಿಂದ.

[ದೃಶ್ಯ: ಬಸವಕಲ್ಯಾಣ]

ಈ ಅಳತೆಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣವೇ ನಮ್ಮ ಮುಂದಿಟ್ಟಿದೆ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಅಧಿಕಾರಸ್ಥರು. ಆ ಸ್ಥಾನದಲ್ಲಿದ್ದುಕೊಂಡೇ ಅವರು ಎಲ್ಲ ಕಾಯಕದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಶರಣ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದಾಗ ಅರಸನು ದೂರು ತಂದವರ ಮಾತಿಗೆ ಮಣಿದು ಆ ಇಬ್ಬರು ತಂದೆಯರಿಗೆ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ ವಿಧಿಸಿದನು. ಅದುವರೆಗೆ ಶರಣರ ಕೂಟವನ್ನು ಸಹಿಸಿದ್ದ ಅರಸೊತ್ತಿಗೆ, ಸಮಾನತೆಯು ಮಾತಿನಿಂದ ಮನೆಯೊಳಗೆ ಕಾಲಿಟ್ಟ ದಿನವೇ ಕೈಬಿಟ್ಟಿತು, ಕಲ್ಯಾಣ ಚದುರಿತು. 2024ರಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದೆ. ಆ ಘೋಷಣೆಗೆ ತೂಕ ಬರುವುದು, ಇಂದು ಜಾತಿ, ಧರ್ಮ ಮೀರಿ ಮದುವೆಯಾದವರಿಗೆ ಊರು ತಿರುಗಿಬಿದ್ದಾಗ ಶಾಸಕರೂ ಪೊಲೀಸರೂ ಅವರ ಬೆನ್ನಿಗೆ ನಿಂತರೆ ಮಾತ್ರ ಎಂದು ನಾನು ದೃಢವಾಗಿ ನಂಬುತ್ತೇನೆ.

ಅಂದು ಅರಸನ ಮನಸ್ಸೇ ಕಾನೂನು, ಇಂದು ಹಾಗಿಲ್ಲ. 1989ರಲ್ಲಿ ವಜಾಗೊಂಡ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಪ್ರಕರಣದಲ್ಲಿ, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದು ಹೇಳಿತು. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಮತ ಕೇಳುವುದೂ ಚುನಾವಣಾ ಅಕ್ರಮ ಎಂದು 2017ರ ತೀರ್ಪು ಸ್ಪಷ್ಟಪಡಿಸಿತು. ಹೀಗಾಗಿ ಧರ್ಮಸಮಭಾವವು ನಾಯಕರು ಇಷ್ಟವಿದ್ದರೆ ತೋರುವ ಔದಾರ್ಯವಲ್ಲ.

[ದೃಶ್ಯ: ಗಣೇಶೋತ್ಸವದ ಮೆರವಣಿಗೆ, ಮೊಹರಂ ಅಲಾಯಿ ಕುಣಿತ]

ಯಾದಗಿರಿ, ಕಲಬುರಗಿಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಊರ ಹಬ್ಬ. ತಿಂಥಣಿಯ ಸಂತ ಮೌನೇಶ್ವರರಿಗೂ ಹಿಂದೂ, ಮುಸ್ಲಿಂ ಎರಡೂ ಕಡೆಯ ಭಕ್ತರಿದ್ದಾರೆ. ಇಂಥ ಬಾಂಧವ್ಯಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಮೆರವಣಿಗೆಯ ದಾರಿ, ಧ್ವನಿವರ್ಧಕದಂಥ ವಿಷಯಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಸುದ್ದಿಯಲ್ಲಿ. ಅದಕ್ಕೆಂದೇ ಹಬ್ಬಕ್ಕೆ ಮುನ್ನ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಹಿರಿಯರ ಜೊತೆಗೆ ಯುವಕರನ್ನೂ ಮಹಿಳೆಯರನ್ನೂ ಅಲ್ಲಿ ಕೂರಿಸಬೇಕು. ಜನಪ್ರತಿನಿಧಿಗಳು ಖುದ್ದಾಗಿ ಬರಬೇಕು. ಮುಂದಿನ ಹಬ್ಬಕ್ಕೆ ನಿಮ್ಮ ಠಾಣೆಯಲ್ಲಿ ಸಭೆ ಯಾವತ್ತು, ನಿಮ್ಮ ಶಾಸಕರು ಅದಕ್ಕೆ ಬರುತ್ತಾರೆಯೇ ಎಂದು ಈಗಲೇ ವಿಚಾರಿಸಿ.