ಎನ್‌ಪಿಸಿ-1: ಕೊಲೆಸ್ಟ್ರಾಲಿನ ಹಮಾಲ

ಕೇಳುಗರಿಗೆ ನಮಸ್ಕಾರ.

ತೊಗರಿ ಸುಗ್ಗಿಯ ದಿನಗಳಲ್ಲಿ ಕಲಬುರಗಿಯ ನೆಹರೂ ಗಂಜಿಗೆ ಹೋಗಿಬಂದವರಿಗೆ, ಹಮಾಲರು ಅರ್ಧ ದಿನ ಕೆಲಸ ನಿಲ್ಲಿಸಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಲಾರಿಯ ಹಿಂದೆ ಲಾರಿ ನಿಲ್ಲುತ್ತದೆ, ಅಡತಿ ಅಂಗಡಿಗಳ ಮುಂದೆ ಚೀಲದ ಮೇಲೆ ಚೀಲ ಬಿದ್ದು ಕಾಲಿಡಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ದಾಲ್ ಮಿಲ್ಲಿನಲ್ಲಿ ಕಾಳಿಲ್ಲದೆ ಯಂತ್ರ ಸುಮ್ಮನೆ ನಿಂತಿರುತ್ತದೆ. ನಮ್ಮ ಜೀವಕೋಶದೊಳಗೆ ಕೊಲೆಸ್ಟ್ರಾಲಿನ ಮಟ್ಟಿಗೆ ಇಂಥ ಹಮಾಲಿ ಕೆಲಸ ಮಾಡುವ ಒಂದು ಪ್ರೋಟೀನಿದೆ. ಅದನ್ನು ಕಟ್ಟುವ ಸೂಚನೆ 18ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿದೆ, ಆ ಜೀನಿನ ಹೆಸರು ಎನ್‌ಪಿಸಿ-1.

ಕೊಲೆಸ್ಟ್ರಾಲ್ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಲ್ಯಾಬಿನ ರಿಪೋರ್ಟು ಮತ್ತು ಮಿರ್ಚಿ ಭಜಿ ಬಿಡಿರೆಂಬ ವೈದ್ಯರ ಮಾತು. ಆದರೆ ಜೀವಕೋಶದ ಹೊರಪೊರೆ ಗಟ್ಟಿಯಾಗಿ ನಿಲ್ಲುವುದಕ್ಕೆ, ಪಿತ್ತರಸಕ್ಕೆ, ಅನೇಕ ಹಾರ್ಮೋನುಗಳಿಗೆ ಕೊಲೆಸ್ಟ್ರಾಲ್ ಬೇಕೇ ಬೇಕು. ರಕ್ತದಲ್ಲಿ ಅದು ಎಲ್‌ಡಿಎಲ್ ಎಂಬ ಪುಟ್ಟ ಉಂಡೆಗಳಲ್ಲಿ ಸಾಗುತ್ತದೆ. ಜೀವಕೋಶ ಆ ಉಂಡೆಯನ್ನು ಹಿಡಿದು ಒಳಕ್ಕೆಳೆದುಕೊಂಡು ಲೈಸೋಸೋಮ್ ಎಂಬ ಆಮ್ಲ ತುಂಬಿದ ಚೀಲಕ್ಕೆ ಕಳಿಸುತ್ತದೆ, ಅಲ್ಲಿ ಒಂದು ಕಿಣ್ವ ಉಂಡೆಯನ್ನು ಬಿಚ್ಚಿ ಕೊಲೆಸ್ಟ್ರಾಲನ್ನು ಬಿಡಿಬಿಡಿಯಾಗಿಸುತ್ತದೆ.

ತೊಡಕು ಶುರುವಾಗುವುದು ಇಲ್ಲಿಯೇ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದು ತಾನಾಗಿ ಈಜಿ ಹೊರಬರಲಾರದು, ಯಾರಾದರೂ ಹೊತ್ತು ತರಬೇಕು. ಚೀಲದೊಳಗಿನ ನೀರಿನಲ್ಲಿ ತೇಲುವ ಎನ್‌ಪಿಸಿ-2 ಎಂಬ ಸಣ್ಣ ಪ್ರೋಟೀನು ಮೊದಲು ಅದನ್ನು ಎತ್ತಿಕೊಳ್ಳುತ್ತದೆ. ಚೀಲದ ಗೋಡೆಯನ್ನು 13 ಸಲ ದಾಟುತ್ತ ಅದರಲ್ಲೇ ನೆಟ್ಟುಕೊಂಡಿರುವ, 1278 ಅಮೈನೊ ಆಮ್ಲಗಳ ಎನ್‌ಪಿಸಿ-1 ಅದನ್ನು ಕೈಯಿಂದ ಕೈಗೆ ಇಸಿದುಕೊಂಡು ಹೊರದಾರಿಗೆ ಮುಟ್ಟಿಸುತ್ತದೆ. ಈ ಹಸ್ತಾಂತರದ ಚೆಂದ ನೋಡಿ: ಎನ್‌ಪಿಸಿ-2 ಕೊಲೆಸ್ಟ್ರಾಲಿನ ಎಣ್ಣೆಯಂಥ ಬಾಲವನ್ನು ತನ್ನೊಳಗೆ ಮುಚ್ಚಿಕೊಂಡು ತಲೆಯನ್ನು ಹೊರಗೆ ಬಿಟ್ಟಿರುತ್ತದೆ, ಎನ್‌ಪಿಸಿ-1 ಹಿಡಿಯುವುದು ಆ ತಲೆಯನ್ನೇ. ಲಾರಿಯ ಮೇಲಿದ್ದವನು ಚೀಲದ ಒಂದು ತುದಿ ಹಿಡಿದು ಇಳಿಬಿಟ್ಟರೆ ಕೆಳಗಿದ್ದವನು ಇನ್ನೊಂದು ತುದಿಗೆ ಕೈಹಾಕುವಂತೆಯೇ ಇದು, ನಡುವೆ ಚೀಲ ತಿರುಗಿಸುವ ಕೆಲಸವಿಲ್ಲ, ಕೊಲೆಸ್ಟ್ರಾಲ್ ನೀರಿಗೆ ಬೀಳುವ ಭಯವೂ ಇಲ್ಲ. ಈ ಲೆಕ್ಕಾಚಾರವನ್ನು ಬಿಡಿಸಿದ್ದು, ಎಲ್‌ಡಿಎಲ್ ಜೀವಕೋಶಕ್ಕೆ ಸೇರುವ ಬಗೆಯನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರ ಪ್ರಯೋಗಾಲಯ.

ಎನ್‌ಪಿಸಿ-1, ಎನ್‌ಪಿಸಿ-2 ಇವೆರಡರಲ್ಲಿ ಒಂದು ಕೆಟ್ಟರೆ ಬರುವ ಕಾಯಿಲೆಗೆ ನೀಮನ್-ಪಿಕ್ ಸಿ ಎಂದು ಹೆಸರು. ಆಲ್ಬರ್ಟ್ ನೀಮನ್ ಎಂಬ ಜರ್ಮನ್ ಮಕ್ಕಳ ವೈದ್ಯರು 1914ರಲ್ಲಿ ಈ ಗುಂಪಿನ ಕಾಯಿಲೆಯನ್ನು ಮೊದಲು ವರ್ಣಿಸಿದರು. ಎನ್‌ಪಿಸಿ-1 ಜೀನು ಸಿಕ್ಕಿದ್ದು 1997ರಲ್ಲಿ. ನೂರು ರೋಗಿಗಳಲ್ಲಿ ಸುಮಾರು 95 ಮಂದಿಗೆ ಕೆಟ್ಟಿರುವುದು ಇದೇ ಜೀನು. ಸುಮಾರು ಒಂದು ಲಕ್ಷ ಹೆರಿಗೆಗೆ ಒಂದರಂತೆ ಕಾಣುವ ವಿರಳ ಕಾಯಿಲೆಯಿದು. ಎಬೋಲಾ ವೈರಸ್ಸು ಜೀವಕೋಶದೊಳಕ್ಕೆ ನುಗ್ಗಲು ಹಿಡಿಯುವುದೂ ಇದೇ ಎನ್‌ಪಿಸಿ-1ನ್ನು, ಈ ಪ್ರೋಟೀನಿಲ್ಲದ ಜೀವಕೋಶಕ್ಕೆ ಅದು ಸೋಂಕು ತಗುಲಿಸಲಾರದು ಎಂಬುದು 2011ರಲ್ಲಿ ತಿಳಿದುಬಂತು. ಪ್ರಕೃತಿಯ ಈ ವ್ಯಂಗ್ಯಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮನೆಯವರ ಕಣ್ಣಿಗೆ ಕಾಯಿಲೆ ಹೇಗೆ ಕಾಣಿಸುತ್ತದೆ? ಕೆಲವು ಕೂಸುಗಳಿಗೆ ಹುಟ್ಟಿದಾಗ ಬಂದ ಕಾಮಾಲೆ ವಾರಗಟ್ಟಲೆ ಇಳಿಯುವುದಿಲ್ಲ, ಗುಲ್ಮ ದೊಡ್ಡದಾಗಿರುತ್ತದೆ. ಹಲವರಲ್ಲಿ ಅದೆಲ್ಲ ಮಾಯವಾಗಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಬೇರೆ ಮುಖ ತೋರುತ್ತದೆ. ಚೆನ್ನಾಗಿ ಓಡಾಡುತ್ತಿದ್ದ ಹುಡುಗಿ ಮೆಟ್ಟಿಲ ತುದಿಯಲ್ಲಿ ನಿಂತುಬಿಡುತ್ತಾಳೆ. ಕಣ್ಣನ್ನು ಕೆಳಗಿಳಿಸಿ ಮುಂದಿನ ಮೆಟ್ಟಿಲನ್ನು ನೋಡಲು ಅವಳಿಗೆ ಆಗುವುದಿಲ್ಲ, ಗೋಣನ್ನೇ ಬಗ್ಗಿಸಿ, ಗೋಡೆ ಹಿಡಿದು, ಕಾಲಿನಿಂದ ತಡಕಾಡುತ್ತಾಳೆ. ಕಣ್ಣಿನ ದೋಷವೆಂದು ಚಷ್ಮಾ ಕೊಡಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ದೃಷ್ಟಿ ಸರಿಯಿದೆ. ಕಣ್ಣುಗುಡ್ಡೆಯನ್ನು ಮೇಲೆ ಕೆಳಗೆ ಚಟ್ಟನೆ ಹೊರಳಿಸುವ ಮಿದುಳಿನ ಭಾಗ ಸೊರಗಿದೆ. ಇನ್ನು ಕೆಲವು ಮಕ್ಕಳು ಜೋರಾಗಿ ನಕ್ಕೊಡನೆ ಕೈಕಾಲು ಸಡಿಲಾಗಿ ಕುಸಿಯುತ್ತಾರೆ, ಎಚ್ಚರ ಮಾತ್ರ ತಪ್ಪಿರುವುದಿಲ್ಲ. ದಿನ ಕಳೆದಂತೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕಲಿತದ್ದು ಮರೆತುಹೋಗುತ್ತದೆ.

ಇಂಥ ಮಗುವಿನ ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಮಟ್ಟ ಏರಿರುವುದಿಲ್ಲವೆಂಬುದನ್ನು ಒತ್ತಿ ಹೇಳುತ್ತೇನೆ. ರಾಶಿ ಬಿದ್ದಿರುವುದು ಲೈಸೋಸೋಮಿನೊಳಗೆ, ಗಂಜಿನಲ್ಲಿ ಚೀಲ ಬಿದ್ದಂತೆ. ಜೀವಕೋಶದ ಉಳಿದ ಭಾಗ ಮಾತ್ರ ತನಗೆ ಕೊಲೆಸ್ಟ್ರಾಲ್ ಬಂದೇ ಇಲ್ಲವೆಂದು ತಿಳಿದು ಇನ್ನಷ್ಟು ತಯಾರಿಸುತ್ತ ಹೋಗುತ್ತದೆ. ಮಿದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ಮಾಡಿಕೊಳ್ಳುವುದರಿಂದ, ತುಪ್ಪ-ಎಣ್ಣೆ ಬಿಡಿಸಿ ಪಥ್ಯ ಹಾಕಿದರೂ ಅಲ್ಲಿನ ರಾಶಿ ಕರಗುವುದಿಲ್ಲ.

ಕಾಯಿಲೆ ಬರಬೇಕಾದರೆ ತಂದೆಯಿಂದ ಬಂದ ಜೀನಿನ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಕೆಟ್ಟಿರಬೇಕು. ಒಂದೇ ಕೆಟ್ಟವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ತಮ್ಮಲ್ಲಿ ಅದು ಇರುವುದು ಅವರಿಗೇ ಗೊತ್ತಿರುವುದಿಲ್ಲ. ಇಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನುಗಳ ನಾಲ್ಕನೆಯ ಒಂದು ಪಾಲು, ಅತ್ತೆಯ ಮಗಳು ಮತ್ತು ಮಾವನ ಮಗನ ನಡುವೆ ಎಂಟನೆಯ ಒಂದು ಪಾಲು ಸಾಮಾನ್ಯವಾಗಿ ಒಂದೇ ಇರುತ್ತದೆ. ಹೊಲ-ಮನೆ ಕೈಬಿಟ್ಟು ಹೋಗಬಾರದು, ಹುಡುಗಿ ಕಣ್ಣೆದುರೇ ಇರಲಿ ಎಂದು ಕೂಡಿಸುವ ಈ ಸಂಬಂಧಗಳಲ್ಲಿ, ಮುತ್ತಜ್ಜನ ಕಾಲದ ಕೆಟ್ಟ ಪ್ರತಿಯೊಂದು ಎರಡು ಕಡೆಯಿಂದಲೂ ಬಂದು ಒಂದೇ ಕೂಸಿನಲ್ಲಿ ಸೇರುವ ಸಾಧ್ಯತೆ ಹೆಚ್ಚು. ಇದನ್ನು ಹಿರಿಯರ ತಪ್ಪೆಂದಾಗಲಿ, ಸೊಸೆಯ ಕಾಲ್ಗುಣವೆಂದಾಗಲಿ ಆಡುವುದು ಅನ್ಯಾಯ.

ಬೇರುಸಹಿತ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಕಾಯಿಲೆಯ ಓಟವನ್ನು ತಗ್ಗಿಸುವ ಮಿಗ್ಲುಸ್ಟಾಟ್‌ಗೆ 2009ರಲ್ಲಿ ಯುರೋಪು ಒಪ್ಪಿಗೆ ಕೊಟ್ಟಿತು, 2024ರಲ್ಲಿ ಅಮೆರಿಕ ಇನ್ನೆರಡು ಮದ್ದುಗಳಿಗೆ ಅನುಮತಿ ನೀಡಿತು. ಕಾಯಿಲೆ ಇದೇ ಹೌದೋ ಅಲ್ಲವೋ ಎಂಬುದು ರಕ್ತದ ಮಾದರಿಯಿಂದ ಜೀನು ಓದಿಸಿದರೆ ತಿಳಿಯುತ್ತದೆ. ಮನೆಯ ಒಂದು ಮಗುವಿಗೆ ಹೌದೆಂದು ಗೊತ್ತಾದರೆ ಅಕ್ಕ-ತಮ್ಮಂದಿರನ್ನೂ ತೋರಿಸಬೇಕು, ತಾಯಿ ಮತ್ತೆ ಬಸಿರಾದರೆ ಹನ್ನೊಂದನೆಯ ವಾರದ ಸುಮಾರಿಗೆ ಮಾಸಿನ ಚೂರೊಂದನ್ನು ತೆಗೆದು ಪರೀಕ್ಷಿಸುವ ಅನುಕೂಲವಿದೆ. ಆದರೆ ಕೆಟ್ಟಿರುವುದು ಜೀನಿನ ಯಾವ ಜಾಗವೆಂಬುದು ಮೊದಲ ಮಗುವಿನ ರಿಪೋರ್ಟಿನಲ್ಲಿ ಇರುವುದರಿಂದ, ಆ ಕಾಗದವನ್ನು ಜೋಪಾನವಾಗಿಟ್ಟು ಬಸಿರಿನ ಮೊದಲ ತಿಂಗಳುಗಳಲ್ಲೇ ವೈದ್ಯರ ಮುಂದಿಡಬೇಕಾಗುತ್ತದೆ.